ದೊಡ್ಡ ಎಲೆಕ್ಟ್ರಿಕ್ ಕ್ಯಾಟಮರಾನ್: ಕಟ್ಟುವ ಮುಂಚೆ ಕಾಗದದ ಮೇಲೆ ನಡೆದ ಕೆಲಸ

130 ಸೆಂ.ಮೀ. ಉದ್ದದ ಫೈಬರ್‌ಗ್ಲಾಸ್ ಹಲ್ (ಬೋಟಿನ ಒಡಲು), ಎರಡು ಬ್ರಷ್‌ಲೆಸ್ ಮೋಟಾರ್, ಎರಡು ಪ್ರೊಪೆಲ್ಲರ್. ಎಲ್ಲ ಸೇರಿ 9 ಕೆಜಿ. ನಾನು ಕಟ್ಟಬೇಕು ಅಂದುಕೊಂಡಿರುವ ರಿಮೋಟ್ ಕಂಟ್ರೋಲ್ ಬೋಟ್ ಇದು. ಈವರೆಗೆ ಓಡಿಸಿದ್ದೆಲ್ಲ 70 ಸೆಂ.ಮೀ. ಆಸುಪಾಸಿನ, ಸಿದ್ಧವಾಗಿ ಸಿಗುವ ಚಿಕ್ಕ ಕ್ಯಾಟಮರಾನ್‌ಗಳನ್ನು. ಅವುಗಳಲ್ಲಿ ಲೆಕ್ಕವನ್ನೆಲ್ಲ ಬೇರೆ ಯಾರೋ ಹಾಕಿ ಮುಗಿಸಿರುತ್ತಾರೆ. ನಾವು ಬ್ಯಾಟರಿ ಸಿಕ್ಕಿಸಿ ನೀರಿಗೆ ಬಿಟ್ಟರಾಯಿತು. ದೊಡ್ಡದನ್ನು ನಾವೇ ಕಟ್ಟಲು ಹೊರಟಾಗ ಹಾಗಲ್ಲ. ಮೋಟಾರ್ ಬದಲಾದರೆ ಪ್ರೊಪೆಲ್ಲರ್ ಬದಲಾಗುತ್ತದೆ, ಅದು ಬದಲಾದರೆ ಬ್ಯಾಟರಿ, ಬ್ಯಾಟರಿ ಬದಲಾದರೆ ತೂಕ, ತೂಕ ಬದಲಾದರೆ ಎಲ್ಲವನ್ನೂ ಇಡುವ ಜಾಗ. ಅದಕ್ಕೇ ಏನನ್ನೂ ಕೊಳ್ಳುವ ಮುಂಚೆ ಇಡೀ ಬೋಟನ್ನು ಕಾಗದದ ಮೇಲೆ ಕಟ್ಟಿ ನೋಡಬೇಕು ಅಂತ ಕೂತೆ.

ಕ್ಯಾಟಮರಾನೇ ಯಾಕೆ? ಈ ಬೋಟಿಗೆ ಎರಡು ಕಡೆ ನೀರಿನ ಮೇಲೆ ನಿಲ್ಲುವ ಎರಡು ಉದ್ದನೆಯ ಕಾಲು, ಅಂದರೆ ಸ್ಪಾನ್ಸನ್; ಅವುಗಳ ನಡುವಿನ ಖಾಲಿ ಜಾಗ ಟನಲ್. ವೇಗ ಏರಿದಾಗ ಮುಂದಿನಿಂದ ನುಗ್ಗುವ ಗಾಳಿ ಟನಲ್‌ನಲ್ಲಿ ಒತ್ತಡ ಕಟ್ಟಿ ಬೋಟನ್ನು ಮೇಲೆತ್ತುತ್ತದೆ. ನೀರಿಗೆ ತಾಗುವ ಭಾಗ ಕಡಿಮೆಯಾಗುತ್ತದೆ, ತಡೆ ಇಳಿಯುತ್ತದೆ. ಎರಡು ಕಾಲಿನ ಮೇಲೆ ಅಗಲವಾಗಿ ನಿಂತಿರುವುದರಿಂದ ತಿರುವಿನಲ್ಲೂ ಗಟ್ಟಿ. ಆದರೆ ಎತ್ತುವ ಅದೇ ಗಾಳಿ ಮೂಗನ್ನು ಜಾಸ್ತಿ ಎತ್ತಿದರೆ ಬೋಟು ಹಿಂದಕ್ಕೆ ಮಗುಚಿ ಹಾರುತ್ತದೆ. ಇದಕ್ಕೆ ಬ್ಲೋಓವರ್ ಅಂತಾರೆ. ನನ್ನ ಯೋಜನೆಯ ಅರ್ಧ ಭಾಗ ಈ ಒಂದು ವಿಷಯದ ಸುತ್ತಲೇ ತಿರುಗಿತು.

ಗಾತ್ರದ ಲೆಕ್ಕವನ್ನು ಮೊದಲು ಮಾಡಿದೆ. 70ರಿಂದ 130 ಸೆಂ.ಮೀ.ಗೆ ಹೋದರೆ ಉದ್ದ 1.86 ಪಟ್ಟು. ಅಗಲವೂ ಎತ್ತರವೂ ಅದೇ ಪ್ರಮಾಣದಲ್ಲಿ ಬೆಳೆದರೆ ತೂಕ ಸುಮಾರು 6.4 ಪಟ್ಟು. ಅಂದರೆ 1.4 ಕೆಜಿಯ ಚಿಕ್ಕ ಬೋಟು ದೊಡ್ಡ ರೂಪದಲ್ಲಿ 9 ಕೆಜಿ ಹತ್ತಿರ ಬರುತ್ತದೆ. ತಳದ ವಿಸ್ತೀರ್ಣ ಮಾತ್ರ 3.5 ಪಟ್ಟಿನಷ್ಟೇ ಬೆಳೆಯುತ್ತದೆ. ಚಿಕ್ಕ ಬೋಟಿನ ಪ್ರತಿಯೊಂದನ್ನೂ ಎರಡರಷ್ಟು ಮಾಡಿದರೆ ಸಾಕು ಅನ್ನುವ ಯೋಚನೆ ಇಲ್ಲಿ ನಡೆಯುವುದಿಲ್ಲ. ಇದನ್ನು ನೋಡಿದ ಮೇಲೆ, ಚಿಕ್ಕದರಲ್ಲಿ ಕಲಿತದ್ದನ್ನು ಹಾಗೇ ದೊಡ್ಡದಕ್ಕೆ ಒಯ್ಯದೆ ಪ್ರತಿ ಅಂಕಿಯನ್ನೂ ಹೊಸದಾಗಿ ಹಾಕೋಣ ಅಂತ ತೀರ್ಮಾನಿಸಿದೆ.

ಆಮೇಲಿನ ಪ್ರಶ್ನೆ ನೀರಿನದು. ಬೋಟಿನ ಪಟ್ಟಿ ಬರೆಯುವ ಮುಂಚೆ ಅದನ್ನು ಎಲ್ಲಿ ಓಡಿಸುತ್ತೇವೆ ಅನ್ನುವುದು ಗೊತ್ತಿರಬೇಕು. ಈ ಬೋಟಿಗೆ ನಾನು ಅಂದುಕೊಂಡಿರುವ ವೇಗ ಗಂಟೆಗೆ 80 ಕಿ.ಮೀ., ಅಂದರೆ ಸೆಕೆಂಡಿಗೆ 22 ಮೀಟರ್. 100 ಮೀಟರ್ ಉದ್ದದ ನೀರನ್ನು ಇದು ಐದು ಸೆಕೆಂಡಿನೊಳಗೆ ದಾಟಿಬಿಡುತ್ತದೆ. ತಿರುಗಿಸಲು ಜಾಗ ಬೇಕು, ತಪ್ಪಿದರೆ ನಿಧಾನವಾಗಲು ಜಾಗ ಬೇಕು. ಕನಿಷ್ಠ 200 ಮೀಟರ್ ತೆರೆದ ನೀರು, ಈಜುವವರು ಮೀನು ಹಿಡಿಯುವವರು ಯಾರೂ ಇಲ್ಲದ ಜಾಗ, ದಡದಲ್ಲಿ ಜನರಿಂದ ದೂರ. 9 ಕೆಜಿಯ ವಸ್ತು ಈ ವೇಗದಲ್ಲಿ ಹೊತ್ತಿರುವ ಶಕ್ತಿ ಸುಮಾರು 2,200 ಜೂಲ್. ಅಷ್ಟೇ ತೂಕದ ಕಲ್ಲು ಎಂಟು ಮಹಡಿ ಎತ್ತರದಿಂದ ನೆಲಕ್ಕೆ ಬಿದ್ದಷ್ಟು. ಇದನ್ನು ಬರೆದು ಕೆಲಸದ ಮೇಜಿನ ಮೇಲೆ ಅಂಟಿಸಿದ್ದೇನೆ. ಮುಂದಿನ ಪ್ರತಿ ತೀರ್ಮಾನದಲ್ಲೂ ಆ ಅಂಕಿ ಕಣ್ಣ ಮುಂದೆ ಇರಲಿ ಅಂತ.

ಒಂದು ಮೋಟಾರೋ ಎರಡೋ ಅನ್ನುವುದರಲ್ಲಿ ತುಂಬಾ ಹೊತ್ತು ಕಳೆದೆ. ಒಂದೇ ಮೋಟಾರ್ ಆದರೆ ಪ್ರೊಪೆಲ್ಲರ್ ಟನಲ್‌ನ ಹಿಂದೆ ಮಧ್ಯದಲ್ಲಿ ಕೂರುತ್ತದೆ. ಭಾಗಗಳು ಕಡಿಮೆ, ಹೊಂದಿಸುವುದು ಸುಲಭ. ಆದರೆ ಪ್ರೊಪೆಲ್ಲರ್ ಒಂದೇ ಕಡೆ ತಿರುಗುವುದರಿಂದ ಬೋಟನ್ನು ಒಂದು ಸ್ಪಾನ್ಸನ್ ಮೇಲೆ ಒತ್ತುತ್ತಿರುತ್ತದೆ. ಎರಡು ಮೋಟಾರ್ ಇಟ್ಟು, ಪ್ರೊಪೆಲ್ಲರ್‌ಗಳನ್ನು ಎದುರುಬದುರು ತಿರುಗಿಸಿದರೆ ಆ ತಿರುಚು ಪರಸ್ಪರ ರದ್ದಾಗುತ್ತದೆ. ಬೆಲೆ ಮತ್ತು ತಂತಿಯ ಕೆಲಸ ಮಾತ್ರ ಎರಡರಷ್ಟು.

ನನ್ನನ್ನು ಎರಡು ಮೋಟಾರಿನ ಕಡೆ ಎಳೆದದ್ದು ವೋಲ್ಟೇಜ್. ಒಂದೇ ಮೋಟಾರಿನಿಂದ 4 ಕಿಲೋವ್ಯಾಟ್ ಹತ್ತಿರದ ಶಕ್ತಿ ತೆಗೆಯಬೇಕಾದರೆ ಬ್ಯಾಟರಿಯಲ್ಲಿ ಸಾಲಾಗಿ ಜೋಡಿಸಿದ 12 ಸೆಲ್ ಬೇಕಾಗುತ್ತದೆ. ಪೂರ್ತಿ ಚಾರ್ಜ್ ಆದಾಗ ಅದು 50.4 ವೋಲ್ಟ್. ಮೋಟಾರಿಗೆ ಹೋಗುವ ಶಕ್ತಿಯನ್ನು ಹಿಡಿತದಲ್ಲಿಡುವ ಸ್ಪೀಡ್ ಕಂಟ್ರೋಲರ್ ದುಬಾರಿ, ಬ್ಯಾಟರಿ ಸಿಕ್ಕಿಸುವಾಗ ಕಿಡಿ ಜೋರು. ಎರಡು ಮೋಟಾರಿಗೆ ತಲಾ 6 ಸೆಲ್ ಆದರೆ ಎಲ್ಲ ಭಾಗಗಳೂ ಸುಲಭವಾಗಿ ಸಿಗುವ ಗಾತ್ರದವು. ಆ ಬ್ಯಾಟರಿಗಳನ್ನು ಬೇರೆ ಬೋಟಿಗೂ ಬಳಸಬಹುದು. ಇನ್ನೊಂದು ಲಾಭ ಕೂಡ ಇದೆ. ಒಂದು ಕಡೆ ಕೆಟ್ಟರೆ ಇನ್ನೊಂದು ಮೋಟಾರಿನಲ್ಲಿ ನಿಧಾನವಾಗಿ, ಚುಕ್ಕಾಣಿ ಒಂದು ಕಡೆ ಹಿಡಿದು, ದಡಕ್ಕೆ ತರುವ ಸಾಧ್ಯತೆ ಇರುತ್ತದೆ.

ವೇಗದ ಲೆಕ್ಕ ಹಿಡಿದು ಕೂತಾಗ ನಿಜವಾದ ಖುಷಿ ಶುರುವಾಯಿತು. ಮೋಟಾರಿನ ಕೆವಿ ಅಂದರೆ ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನುವ ಅಂಕಿ. ಲಿಪೊ (ಲಿಥಿಯಂ ಪಾಲಿಮರ್) ಸೆಲ್ ಒಂದಕ್ಕೆ 3.7 ವೋಲ್ಟ್, 6 ಸೆಲ್‌ಗೆ 22.2. ಕೆವಿ 1,300 ಇದ್ದರೆ ಭಾರವಿಲ್ಲದೆ ನಿಮಿಷಕ್ಕೆ 28,860 ಸುತ್ತು. ಇಂಥ ಬೋಟುಗಳಲ್ಲಿ ಜನ ಸಾಮಾನ್ಯವಾಗಿ 30,000 ಸುತ್ತಿನ ಹತ್ತಿರವೇ ಇರಿಸಿಕೊಳ್ಳುತ್ತಾರೆ. ನೀರಿನಲ್ಲಿ ಭಾರ ಬಿದ್ದಾಗ 85 ಶೇಕಡ ಉಳಿಯುತ್ತದೆ ಅಂದುಕೊಂಡರೆ 24,500. ಇನ್ನು ಪ್ರೊಪೆಲ್ಲರ್. ಆಕ್ಟುರಾ ಪ್ರೊಪೆಲ್ಲರ್‌ಗಳ ಹೆಸರಿನಲ್ಲೇ ಅಳತೆ ಇರುತ್ತದೆ. ಎಕ್ಸ್445 ಅಂದರೆ ವ್ಯಾಸ 45 ಮಿ.ಮೀ., ಪಿಚ್ (ಒಂದು ಸುತ್ತಿಗೆ ಮುಂದೆ ಹೋಗುವ ದೂರ) ಅದರ 1.4 ಪಟ್ಟು, ಅಂದರೆ 63 ಮಿ.ಮೀ. ಒಂದು ಸುತ್ತಿಗೆ 63 ಮಿ.ಮೀ. ಮುಂದೆ ಹೋದರೆ ಗಂಟೆಗೆ 92 ಕಿ.ಮೀ. ದಾಟುತ್ತದೆ. ನೀರಿನಲ್ಲಿ ಜಾರುವಿಕೆ ಇದ್ದೇ ಇದೆ. 15 ಶೇಕಡ ಕಳೆದರೆ ಸುಮಾರು 79. ಮೊದಲ ದೊಡ್ಡ ಬೋಟಿಗೆ ಇಷ್ಟು ಧಾರಾಳವಾಯಿತು. ಇದಕ್ಕಿಂತ ವೇಗ ಬೇಕು ಅನ್ನುವವರು ದೊಡ್ಡ ಪ್ರೊಪೆಲ್ಲರ್ ಹಾಕಿಬಿಡುತ್ತಾರೆ. ಆದರೆ ವ್ಯಾಸ ಸ್ವಲ್ಪ ಏರಿದರೂ ಕರೆಂಟ್ ಅದಕ್ಕಿಂತ ಬಹಳ ಜೋರಾಗಿ ಏರುತ್ತದೆ. ಮೋಟಾರ್ ಸುಡುವುದು ಹೆಚ್ಚಾಗಿ ಅಲ್ಲೇ.

ಬ್ಯಾಟರಿಗೆ ಬಂದೆ. ಪ್ರತಿ ಕಡೆ 5,000 ಎಂಎಎಚ್‌ನ ಎರಡು ಪ್ಯಾಕ್ ಪ್ಯಾರಲಲ್ ಆಗಿ, ಅಂದರೆ ಒಂದು ಕಡೆಗೆ 10,000 ಎಂಎಎಚ್, ಅಥವಾ 10 ಆಂಪಿಯರ್ ಗಂಟೆ. ಲಿಪೊವನ್ನು ಪೂರ್ತಿ ಖಾಲಿ ಮಾಡಬಾರದು, 80 ಶೇಕಡ ಬಳಸಿ ನಿಲ್ಲಿಸಬೇಕು. ಬಳಸಲು ಸಿಗುವುದು 8 ಆಂಪಿಯರ್ ಗಂಟೆ. ಸರಾಸರಿ 80 ಆಂಪಿಯರ್ ಎಳೆದರೆ 6 ನಿಮಿಷ. ಸುಮ್ನೆ ಕಾಗದದಲ್ಲಿ ನೋಡಿದರೆ ಇದು ಕಡಿಮೆ ಅನ್ನಿಸಬಹುದು. ಈ ವೇಗದಲ್ಲಿ ಕಣ್ಣು ನೆಟ್ಟು ಓಡಿಸುವವರಿಗೆ ಆರು ನಿಮಿಷ ಸಾಕಷ್ಟು ದೀರ್ಘ. ಎಷ್ಟು ಕರೆಂಟ್ ಕೊಡಬಲ್ಲದು ಅಂತ ಪ್ಯಾಕ್ ಮೇಲೆ ಬರೆದಿರುವ ಸಿ ಅಂಕಿಯನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಒಳ್ಳೆಯ ಚಾರ್ಜರ್ ತೋರಿಸುವ ಇಂಟರ್ನಲ್ ರೆಸಿಸ್ಟೆನ್ಸ್ (ಪ್ಯಾಕ್‌ನ ಒಳಗಿನ ತಡೆ) ನೋಡಿ, ಹತ್ತಿರದ ಅಂಕಿ ಇರುವ ಪ್ಯಾಕ್‌ಗಳನ್ನು ಜೊತೆ ಮಾಡುವುದು ಒಳ್ಳೆಯದು.

ಈಗ ತೂಕ ಮತ್ತು ಅದರ ಜಾಗ. ನನ್ನ ಪ್ರಕಾರ ಇಡೀ ಯೋಜನೆಯ ಹೃದಯ ಇಲ್ಲಿದೆ. ಕ್ಯಾಟಮರಾನ್‌ಗಳಲ್ಲಿ ತೂಕದ ಕೇಂದ್ರ, ಎಲ್ಲರೂ ಸಿಜಿ ಅನ್ನುವುದು, ಹಿಂಬದಿಯ ಗೋಡೆ, ಅಂದರೆ ಟ್ರಾನ್ಸಮ್‌ನಿಂದ ಹಲ್ ಉದ್ದದ 30 ಶೇಕಡದ ಆಸುಪಾಸಿನಲ್ಲಿ ಇರಬೇಕು. 1,300 ಮಿ.ಮೀ. ಹಲ್‌ಗೆ ಅದು 390 ಮಿ.ಮೀ. ಕೇಂದ್ರ ಹಿಂದೆ ಸರಿದರೆ ಮೂಗು ಹಗುರವಾಗಿ ಬ್ಲೋಓವರ್ ಹತ್ತಿರವಾಗುತ್ತದೆ. ಮುಂದೆ ಸರಿದರೆ ಬೋಟು ನೀರಿಗೆ ಅಂಟಿಕೊಂಡು ಓಡುತ್ತದೆ, ವೇಗ ಬರುವುದಿಲ್ಲ.

ಪ್ರತಿ ಭಾಗದ ತೂಕವನ್ನೂ ಟ್ರಾನ್ಸಮ್‌ನಿಂದ ಅದು ಕೂರುವ ದೂರವನ್ನೂ ಬರೆದು ಗುಣಿಸಿದೆ. ಖಾಲಿ ಹಲ್ 2.2 ಕೆಜಿ, ಅದರ ಸ್ವಂತ ಕೇಂದ್ರ 560 ಮಿ.ಮೀ. ಮುಂದೆ. ಎರಡು ಮೋಟಾರ್ ಸೇರಿ 1 ಕೆಜಿ, 430ರಲ್ಲಿ. ಎರಡು ಸ್ಪೀಡ್ ಕಂಟ್ರೋಲರ್ ಅರ್ಧ ಕೆಜಿ, 250ರಲ್ಲಿ. ಶಾಫ್ಟ್, ಅದರ ಹಿಂತುದಿಯನ್ನು ಹಿಡಿಯುವ ಸ್ಟ್ರಟ್, ಚುಕ್ಕಾಣಿ ಎಲ್ಲ 1.3 ಕೆಜಿ, ಹೆಚ್ಚುಕಡಿಮೆ ಟ್ರಾನ್ಸಮ್ ಬುಡದಲ್ಲೇ, ಹಾಗಾಗಿ 20. ಚುಕ್ಕಾಣಿ ತಿರುಗಿಸುವ ಸರ್ವೊ, ರಿಮೋಟಿನ ಸಿಗ್ನಲ್ ಹಿಡಿಯುವ ರಿಸೀವರ್, ನೀರಿನ ಕೊಳವೆ 0.4 ಕೆಜಿ, 150ರಲ್ಲಿ. ಎಪಾಕ್ಸಿ ಅಂಟು ಮತ್ತು ಫೋಮ್‌ಗೆ 0.6 ಕೆಜಿ, 500ರಲ್ಲಿ. ಬ್ಯಾಟರಿ ಬಿಟ್ಟು 6 ಕೆಜಿ, ಗುಣಾಕಾರದ ಮೊತ್ತ 2,173. ಬ್ಯಾಟರಿ 3 ಕೆಜಿ ಸೇರಿ 9 ಕೆಜಿಯ ಬೋಟು 390ರಲ್ಲಿ ತೂಗಬೇಕಾದರೆ ಮೊತ್ತ 3,510 ಆಗಬೇಕು. ಕೊರತೆ 1,337. ಅದನ್ನು 3ರಿಂದ ಭಾಗಿಸಿದರೆ ಬ್ಯಾಟರಿಯ ಜಾಗ 446 ಮಿ.ಮೀ.

ಈ ಒಂದು ಅಂಕಿ ಬಂದ ಕೂಡಲೇ ಒಳಗಿನ ನಕ್ಷೆ ತಾನಾಗಿ ತೆರೆದುಕೊಂಡಿತು. ಬ್ಯಾಟರಿ ಮತ್ತು ಮೋಟಾರ್ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ ಬರಬೇಕು. ಹಾಗಾದರೆ ಮೋಟಾರ್‌ಗಳು ಮಧ್ಯದಲ್ಲಿ, ಬ್ಯಾಟರಿಗಳು ಎರಡೂ ಬದಿಯ ಸ್ಪಾನ್ಸನ್ ಒಳಗೆ. ಬ್ಯಾಟರಿ ತಟ್ಟೆ ಮುಂದಕ್ಕೂ ಹಿಂದಕ್ಕೂ 60 ಮಿ.ಮೀ. ಜಾರುವಂತಿದ್ದರೆ ಇಡೀ ಬೋಟಿನ ಸಿಜಿ 20 ಮಿ.ಮೀ. ಆಚೀಚೆ ಆಗುತ್ತದೆ. ಅಂದರೆ 28.5ರಿಂದ 31.5 ಶೇಕಡದವರೆಗೆ. ನೀರಿನ ದಡದಲ್ಲಿ ವೆಲ್ಕ್ರೊ ಪಟ್ಟಿ ಬಿಚ್ಚಿ ಸರಿಪಡಿಸುವಷ್ಟು ಸುಲಭ. ಇದನ್ನು ಮುಂಚೆಯೇ ತಿಳಿಯದೆ ತಟ್ಟೆಯನ್ನು ಎಪಾಕ್ಸಿಯಲ್ಲಿ ಅಂಟಿಸಿದ್ದರೆ ಆಮೇಲೆ ಮೂಗಿಗೆ ಸೀಸ ತುಂಬುವ ಗತಿ ಬರುತ್ತಿತ್ತು, ಅಲ್ವಾ?

ಲೆಕ್ಕ ಮುಗಿದ ಮೇಲೆ ದೊಡ್ಡ ಕಾಗದಗಳನ್ನು ಜೋಡಿಸಿ ಹಲ್‌ನ ಮೇಲ್ನೋಟವನ್ನು ನಿಜವಾದ ಅಳತೆಯಲ್ಲಿ ಬರೆದೆ. ಮೋಟಾರ್, ಬ್ಯಾಟರಿ, ಕಂಟ್ರೋಲರ್ ಎಲ್ಲವನ್ನೂ ರಟ್ಟಿನಲ್ಲಿ ಅದೇ ಗಾತ್ರಕ್ಕೆ ಕತ್ತರಿಸಿ ಅದರ ಮೇಲೆ ಇಟ್ಟೆ. ಕಂಪ್ಯೂಟರ್‌ನಲ್ಲಿ ಬರೆದರೂ ಆಗುತ್ತದೆ. ಆದರೆ ಕೈ ಒಳಗೆ ಹೋಗುತ್ತದಾ, ಸ್ಕ್ರೂಡ್ರೈವರ್ ತಿರುಗುತ್ತದಾ, ಮುಚ್ಚಳದ ಬಾಯಿಯಿಂದ ಬ್ಯಾಟರಿ ಹೊರಗೆ ಬರುತ್ತದಾ ಅನ್ನುವುದು ರಟ್ಟಿನಲ್ಲೇ ಚೆನ್ನಾಗಿ ಗೊತ್ತಾಗುವುದು. ಹೀಗೆ ನೋಡಿದಾಗಲೇ ಬ್ಯಾಟರಿ ಉದ್ದುದ್ದ ಮಲಗಬೇಕು, ತಂತಿ ಹಿಂಬದಿಗೆ ಬರಬೇಕು ಅನ್ನುವುದು ಖಚಿತವಾಯಿತು.

ತಂತಿಯ ವಿಷಯದಲ್ಲಿ ಒಂದು ನಿಯಮ ಯಾವತ್ತೂ ಮರೆಯಬಾರದು. ಬ್ಯಾಟರಿಯಿಂದ ಕಂಟ್ರೋಲರ್‌ಗೆ ಹೋಗುವ ತಂತಿ ಆದಷ್ಟು ಗಿಡ್ಡ ಇರಬೇಕು. ಅದು ಉದ್ದವಾದಷ್ಟೂ ಕಂಟ್ರೋಲರ್‌ನ ಕೆಪಾಸಿಟರ್‌ಗಳ ಮೇಲೆ ವೋಲ್ಟೇಜ್ ಏರಿಳಿತದ ಹೊಡೆತ ಜಾಸ್ತಿ. ಉದ್ದ ಬೇಕೇ ಬೇಕು ಅಂದರೆ ಮೋಟಾರಿನ ಕಡೆಯ ಮೂರು ತಂತಿಗಳನ್ನು ಉದ್ದ ಮಾಡಬೇಕು. ಎರಡು ಕಂಟ್ರೋಲರ್ ಇರುವಾಗ ಇನ್ನೊಂದು ಸೂಕ್ಷ್ಮವಿದೆ. ರಿಸೀವರ್‌ಗೆ ಹೋಗುವ ಸಿಗ್ನಲ್ ತಂತಿಯ ಮೂಲಕ ಎರಡರ ನೆಗೆಟಿವ್ ಒಂದಾಗಿಬಿಡುತ್ತದೆ. ಬ್ಯಾಟರಿಗಳನ್ನು ಸೀರೀಸ್‌ನಲ್ಲಿ ಜೋಡಿಸಿ, ಮೇಲಿನ ಅರ್ಧಕ್ಕೆ ಒಂದು ಕಂಟ್ರೋಲರ್ ಕೆಳಗಿನ ಅರ್ಧಕ್ಕೆ ಇನ್ನೊಂದು ಸಿಕ್ಕಿಸಿದರೆ ಆ ಸಣ್ಣ ತಂತಿಯಲ್ಲೇ ಶಾರ್ಟ್ ಸರ್ಕ್ಯೂಟ್. ನನ್ನ ನಕ್ಷೆಯಲ್ಲಿ ಎರಡು ಕಡೆಯ 6 ಸೆಲ್ ಬೇರೆ ಬೇರೆ, ಆದ್ದರಿಂದ ಆ ಭಯ ಇಲ್ಲ. ರಿಸೀವರ್ ಮತ್ತು ಸರ್ವೊಗೆ ಪ್ರತ್ಯೇಕ ಚಿಕ್ಕ ಬ್ಯಾಟರಿ ಇಡುತ್ತೇನೆ. ಕಂಟ್ರೋಲರ್‌ಗಳಿಂದ ರಿಸೀವರ್‌ಗೆ ಬರುವ ತಂತಿಗಳಲ್ಲಿ ವಿದ್ಯುತ್ ಒಯ್ಯುವ ಕೆಂಪು ಎಳೆ ಎರಡನ್ನೂ ಬಿಡಿಸಿ ಟೇಪ್ ಸುತ್ತುವುದು.

ಎರಡು ಕಡೆ ಬೇರೆ ಬ್ಯಾಟರಿ ಇರುವುದಕ್ಕೆ ಒಂದು ಬೆಲೆಯೂ ಇದೆ. ಒಂದು ಕಡೆ ಬೇಗ ಖಾಲಿಯಾಗಿ ಆ ಕಂಟ್ರೋಲರ್ ತಾನಾಗಿ ಶಕ್ತಿ ಕಡಿತ ಮಾಡಿದರೆ, ಪೂರ್ತಿ ವೇಗದಲ್ಲಿ ಬೋಟು ಥಟ್ಟನೆ ಪಕ್ಕಕ್ಕೆ ಎಳೆಯುತ್ತದೆ. ಅದಕ್ಕೇ ಟ್ರಾನ್ಸ್‌ಮಿಟರ್‌ನಲ್ಲಿ ಟೈಮರ್ ಇಟ್ಟು ನಾಲ್ಕೂವರೆ ನಿಮಿಷಕ್ಕೇ ದಡಕ್ಕೆ ಕರೆಯುವುದು, ಕಡಿತದ ಹತ್ತಿರಕ್ಕೂ ಹೋಗದಿರುವುದು ಅಂತ ಗೊತ್ತು ಮಾಡಿಕೊಂಡಿದ್ದೇನೆ.

ಶಾಫ್ಟ್‌ಗೆ 4.76 ಮಿ.ಮೀ.ನ ಫ್ಲೆಕ್ಸ್ ಕೇಬಲ್. ಇದು ಸುರುಳಿ ಸುತ್ತಿದ ಉಕ್ಕಿನ ತಂತಿ, ಟೆಫ್ಲಾನ್ ಒಳಪದರದ ಹಿತ್ತಾಳೆ ಕೊಳವೆಯೊಳಗೆ ತಿರುಗುತ್ತದೆ. ಎರಡು ಮೋಟಾರ್ ಎದುರುಬದುರು ತಿರುಗುವಾಗ ಸುರುಳಿಯ ದಿಕ್ಕೂ ಎದುರುಬದುರು ಬೇಕು. ಭಾರ ಬಿದ್ದಾಗ ಹೊರಸುರುಳಿ ಬಿಗಿಯಬೇಕೇ ಹೊರತು ಬಿಚ್ಚಿಕೊಳ್ಳಬಾರದು. ಎಡ ಸುರುಳಿಯದೊಂದು, ಬಲ ಸುರುಳಿಯದೊಂದು ಅಂತ ಪಟ್ಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ಬಿಗಿದಾಗ ಕೇಬಲ್ ಸ್ವಲ್ಪ ಗಿಡ್ಡವಾಗುತ್ತದೆ, ಹಾಗಾಗಿ ಸ್ಟ್ರಟ್ ಮತ್ತು ಪ್ರೊಪೆಲ್ಲರ್ ಹಿಡಿಯುವ ಡ್ರೈವ್ ಡಾಗ್ ನಡುವೆ 2ರಿಂದ 3 ಮಿ.ಮೀ. ಸಂದು ಬಿಡಬೇಕು. ಪ್ರತಿ ಓಟದ ದಿನ ಮುಗಿದ ಮೇಲೆ ಕೇಬಲ್ ಹೊರತೆಗೆದು ಒರೆಸಿ ಗ್ರೀಸ್ ಹಚ್ಚುವುದು ಕಡ್ಡಾಯ. ಅದನ್ನು ಸುಲಭವಾಗಿ ಎಳೆಯಲು ಜಾಗ ಇರುವಂತೆ ಚುಕ್ಕಾಣಿಯನ್ನು ಎರಡು ಪ್ರೊಪೆಲ್ಲರ್‌ಗಳ ನಡುವೆ ಇಟ್ಟಿದ್ದೇನೆ.

ಸ್ಟ್ರಟ್ ಎತ್ತರಕ್ಕೆ ಆರಂಭದ ಅಳತೆ ಸರಳ. ಶಾಫ್ಟಿನ ಮಧ್ಯಗೆರೆ ಸ್ಪಾನ್ಸನ್ ತಳದ ಮಟ್ಟಕ್ಕೆ, ಕೋನ ಸೊನ್ನೆ. ಓಡುವಾಗ ಪ್ರೊಪೆಲ್ಲರ್‌ನ ಕೆಳ ಅರ್ಧ ಮಾತ್ರ ನೀರಿನಲ್ಲಿರುತ್ತದೆ. ಶಾಫ್ಟ್ ಮತ್ತು ಹಬ್ (ಪ್ರೊಪೆಲ್ಲರ್‌ನ ನಡುಭಾಗ) ನೀರಿನಲ್ಲಿ ಪೂರ್ತಿ ಮುಳುಗದಿರುವುದರಿಂದ ತಡೆ ಕಡಿಮೆ. ಪ್ರೊಪೆಲ್ಲರ್‌ಗಳು ಒಳಮುಖವಾಗಿ ತಿರುಗಬೇಕೋ ಹೊರಮುಖವಾಗಿಯೋ ಅನ್ನುವ ವಾದ ಹಳೆಯದು. ನಾನು ಹೊರಮುಖದಿಂದ ಶುರು ಮಾಡುತ್ತೇನೆ. ಬದಲಾಯಿಸಬೇಕು ಅನ್ನಿಸಿದರೆ ಪ್ರೊಪೆಲ್ಲರ್ ಮತ್ತು ಕೇಬಲ್ ಅದಲುಬದಲು ಮಾಡಿ, ಪ್ರತಿ ಮೋಟಾರಿನ ಮೂರು ತಂತಿಗಳಲ್ಲಿ ಯಾವುದಾದರೂ ಎರಡನ್ನು ಬದಲಿಸಿದರೆ ಮೋಟಾರ್ ಹಿಂದುಮುಂದಾಗಿ ತಿರುಗುತ್ತದೆ.

ಎಚ್ಚರಿಕೆಯ ಮಾತೊಂದನ್ನು ಇಲ್ಲೇ ಹೇಳಬೇಕು. ಎರಕದ ಪ್ರೊಪೆಲ್ಲರ್‌ಗಳಲ್ಲಿ ಹಲವು ಬೆರಿಲಿಯಂ ತಾಮ್ರದವು. ಅವುಗಳನ್ನು ಅರದಿಂದ ಹರಿತ ಮಾಡಿ, ಎರಡೂ ಅಲಗಿನ ತೂಕ ಸಮ ಮಾಡಿಯೇ ಬಳಸಬೇಕು. ಆ ಪುಡಿ ಶ್ವಾಸಕೋಶಕ್ಕೆ ವಿಷ. ಒಣಗಿದ್ದಾಗ ಉಜ್ಜಬಾರದು. ನೀರು ಹಾಕಿ, ಮಾಸ್ಕ್ ಮತ್ತು ಕೈಗವಸು ತೊಟ್ಟು ಉಜ್ಜಬೇಕು, ಒದ್ದೆ ಬಟ್ಟೆಯಲ್ಲಿ ಒರೆಸಿ ಎಸೆಯಬೇಕು. ಮನೆಯಲ್ಲಿ ಮಕ್ಕಳಿದ್ದರೆ ಸಿದ್ಧ ಮಾಡಿದ ಪ್ರೊಪೆಲ್ಲರ್ ಕೊಳ್ಳುವುದೇ ಸರಿ.

ತಂಪಿಗೆ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಎರಡು ಕಡೆಗೂ ಪ್ರತ್ಯೇಕ ನೀರಿನ ದಾರಿ, ತಣ್ಣನೆಯ ನೀರು ಮೊದಲು ಕಂಟ್ರೋಲರ್‌ಗೆ, ಆಮೇಲೆ ಮೋಟಾರಿಗೆ. ಹೊರಹೋಗುವ ತೂತು ಪಕ್ಕದಲ್ಲಿ, ದಡದಿಂದಲೇ ನೀರಿನ ಎಳೆ ಕಾಣುವ ಹಾಗೆ.

ಫೋಮ್ ಬಗ್ಗೆ ಮಾತ್ರ ನಿಖರವಾಗಿ ಲೆಕ್ಕ ಹಾಕಿದೆ. ಒಳಗೆ ಪೂರ್ತಿ ನೀರು ತುಂಬಿದರೂ 9 ಕೆಜಿಯ ಬೋಟು ತೇಲಬೇಕಾದರೆ 9 ಲೀಟರ್ ನೀರನ್ನು ತಳ್ಳಬೇಕು. ಹಲ್‌ನ ಗೋಡೆ, ಬ್ಯಾಟರಿ, ಲೋಹ ಎಲ್ಲ ಸೇರಿ ಮೂರೂವರೆ ಲೀಟರ್ ತಳ್ಳುತ್ತವೆ. ಉಳಿದ ಐದೂವರೆ ಲೀಟರ್ ಫೋಮ್‌ನಿಂದ ಬರಬೇಕು. ನಾನು 8 ಇಡುತ್ತಿದ್ದೇನೆ, ಹೆಚ್ಚಿನದು ಸ್ಪಾನ್ಸನ್‌ಗಳ ಮೂಗಿನಲ್ಲಿ. ಕ್ಯಾಟಮರಾನ್ ಮಗುಚಿದರೆ ತಾನಾಗಿ ಎದ್ದು ನಿಲ್ಲುವುದಿಲ್ಲ. ಯಾರಾದರೂ ಹೋಗಿ ತರುವವರೆಗೆ ಅದು ತೇಲುತ್ತಲೇ ಇರಬೇಕು. ತರಲು ಈಜಿ ಹೋಗುವಂತಿಲ್ಲ, ಚಿಕ್ಕ ದೋಣಿಯೋ ಗಾಳದ ದಾರವೋ ಜೊತೆಗಿರಬೇಕು. ತಳಕ್ಕೆ ಎದ್ದು ಕಾಣುವ ಬಣ್ಣ ಬಳಿಯುವುದೂ ಇದಕ್ಕೇ. ಡೆಕ್‌ನ ಎಡಬಲಕ್ಕೆ ಬೇರೆ ಬೇರೆ ಬಣ್ಣ ಇದ್ದರೆ ದೂರದಲ್ಲಿ ಬೋಟು ನಮ್ಮ ಕಡೆ ಬರುತ್ತಿದೆಯೋ ಹೋಗುತ್ತಿದೆಯೋ ಗೊತ್ತಾಗುತ್ತದೆ. ಸಿಗ್ನಲ್ ಕಡಿದರೆ ಎರಡೂ ಮೋಟಾರ್ ನಿಲ್ಲುವಂತೆ ಫೇಲ್‌ಸೇಫ್ ಹೊಂದಿಸಿ, ಪ್ರೊಪೆಲ್ಲರ್ ಬಿಚ್ಚಿಟ್ಟು, ಟ್ರಾನ್ಸ್‌ಮಿಟರ್ ಆಫ್ ಮಾಡಿ ಪರೀಕ್ಷಿಸದೆ ಈ ಬೋಟು ನೀರಿಗೆ ಇಳಿಯುವುದಿಲ್ಲ.

ಮೊದಲ ಓಟದ ಕ್ರಮವೂ ಬರೆದಾಗಿದೆ. 45ರ ಬದಲು 42 ಮಿ.ಮೀ. ಪ್ರೊಪೆಲ್ಲರ್, ಸಿಜಿ ಮುಂದಿನ ಮಿತಿಯಲ್ಲಿ, ಗಾಳಿ ಇಲ್ಲದ ಬೆಳಿಗ್ಗೆ. ಎರಡು ನಿಮಿಷ ಓಡಿಸಿ ಹಿಂದಕ್ಕೆ. ಮೋಟಾರ್, ಕಂಟ್ರೋಲರ್, ಬ್ಯಾಟರಿ, ಎಲ್ಲದರ ಬಿಸಿಯನ್ನು ಇನ್‌ಫ್ರಾರೆಡ್ ಥರ್ಮಾಮೀಟರ್‌ನಲ್ಲಿ ನೋಡುವುದು. ಚಾರ್ಜ್ ಮಾಡುವಾಗ ಒಂದು ಕಡೆಯ ಜೋಡಿಗೆ ಎಷ್ಟು ಎಂಎಎಚ್ ಹಿಂದಕ್ಕೆ ಹೋಯಿತು ಅಂತ ಬರೆದುಕೊಳ್ಳುವುದು. ಎರಡು ನಿಮಿಷಕ್ಕೆ 2,600 ಹೋದರೆ ಸರಾಸರಿ 78 ಆಂಪಿಯರ್. ಚಿಕ್ಕ ಪ್ರೊಪೆಲ್ಲರ್‌ನಲ್ಲೇ ಅಷ್ಟು ಬಂದರೆ 45 ಹಾಕುವ ಮಾತು ಬಿಡಬೇಕು. 60ರ ಹತ್ತಿರ ಇದ್ದರೆ ಮುಂದಕ್ಕೆ ಹೋಗಬಹುದು. ಎಡ ಮತ್ತು ಬಲದ ಅಂಕಿಗಳು ತುಂಬಾ ಬೇರೆ ಇದ್ದರೆ ಒಂದು ಶಾಫ್ಟ್ ಎಲ್ಲೋ ಉಜ್ಜುತ್ತಿದೆ ಅಂತ ಅರ್ಥ.

ಕೊಳ್ಳುವ ಸರದಿಯಲ್ಲಿ ಹಲ್ ಮೊದಲು. ಅದು ಕೈಗೆ ಬರುವವರೆಗೆ ಮೋಟಾರನ್ನೂ ಬ್ಯಾಟರಿಯನ್ನೂ ಆರ್ಡರ್ ಮಾಡುವುದಿಲ್ಲ. ಬಂದ ಕೂಡಲೇ ತೂಗಿ, ಒಂದು ಕೋಲಿನ ಮೇಲೆ ಸಮತೂಕ ನೋಡಿ, 2.2 ಕೆಜಿ ಮತ್ತು 560 ಮಿ.ಮೀ. ಅನ್ನುವ ನನ್ನ ಎರಡು ಊಹೆಗಳ ಜಾಗದಲ್ಲಿ ನಿಜವಾದ ಅಂಕಿ ತುಂಬಬೇಕು. ಹಲ್ 300 ಗ್ರಾಂ ಜಾಸ್ತಿ ತೂಗಿದರೂ ಬ್ಯಾಟರಿಯ 446 ಸುಮಾರು 17 ಮಿ.ಮೀ. ಹಿಂದಕ್ಕೆ ಸರಿಯುತ್ತದೆ, ತಟ್ಟೆಯ ಜಾರುವ ಜಾಗದೊಳಗೇ ಅದು ಸರಿಹೋಗುತ್ತದೆ. ಅದಕ್ಕಿಂತ ತುಂಬಾ ಜಾಸ್ತಿ ಬಂದರೆ ಮೋಟಾರಿನ ಜಾಗವನ್ನೂ ಬದಲಿಸಿ, ಶಾಫ್ಟ್ ಕೊಳವೆಯ ಬಾಗು ಮತ್ತೆ ಬರೆದು, ಆಮೇಲೆಯೇ ಉಳಿದ ಪಟ್ಟಿಗೆ ಕೈ ಹಾಕುತ್ತೇನೆ.